ಮೂಗಿನಲ್ಲೇ ಮುಗಿಸಿದ ವೈನು

ಕೊಟ್ಟ ಮಾತಿಗೆ ತಪ್ಪಿ ಕೆಟ್ಟವರನ್ನು ನೀವು ಬೇಕಾದಷ್ಟು ನೋಡಿರಬಹುದು. ಮಾತು ಉಳಿಸಿಕೊಂಡು ಹೆಸರು ಕೆಡಿಸಿಕೊಂಡವನನ್ನು ನೋಡಬೇಕೆಂದರೆ ಗಜೇಂದ್ರಗಡಕ್ಕೆ ಬನ್ನಿ, ಬಟ್ಟೆ ಅಂಗಡಿಯ ಗಲ್ಲೆಯ ಮೇಲೆ ಕೂತಿರುತ್ತೇನೆ. ಮದುವೆಯ ಜವಳಿಗೆ ಬಂದವರ ಬಾಯಿಂದ ಸೆರೆಯ ವಾಸನೆ ಬಂದರೆ ಸಾಕು, ಸೀರೆಗಳನ್ನು ಬದಿಗಿಟ್ಟು ಅರ್ಧ ತಾಸು ಬುದ್ಧಿ ಹೇಳುವವನು ನಾನು. ಅದಕ್ಕೇ ವ್ಯಾಪಾರಿಗಳ ತಂಡದ ಜೊತೆ ಗಂಡ-ಹೆಂಡತಿ ಇಬ್ಬರೂ ಇಟಲಿಗೆ ಹೊರಟಾಗ, ಒಂದಿಡೀ ದಿನ ವೈನ್ ತಯಾರಿಸುವ ತೋಟಗಳ ಭೇಟಿ ಇದೆ ಎಂದು ತಿಳಿದ ಹೆಂಡತಿ ಗಿರಿಜಾ, ಚೀಲಕ್ಕೆ ಖಡಕ್ ರೊಟ್ಟಿ ತುಂಬುತ್ತಲೇ ನನ್ನಿಂದ ಮಾತು ತೆಗೆದುಕೊಂಡಳು.

"ಒಂದ ಹನಿ ನಾಲಿಗಿಗೆ ತಾಗಬಾರದ ನೋಡ್ರಿ."

ತಾಗುವುದಿಲ್ಲ ಎಂದೆ. ಸುಳ್ಳೇಕೆ ಹೇಳಲಿ, ಒಳಗೊಳಗೇ ಆಸೆಯಿತ್ತು. ಆದರೆ ಹಟಕ್ಕೆ ಬಿದ್ದರೆ ನಾನು ನನ್ನ ಮಾತನ್ನೂ ಕೇಳುವವನಲ್ಲ.

ಮೊದಲ ತೋಟದಲ್ಲಿ ಇಷ್ಟೆತ್ತರದ ಗಾಜಿನ ಲೋಟ ಕೊಟ್ಟು, ತಳ ಒದ್ದೆಯಾಗುವಷ್ಟು ಸುರಿದರು. ನಮ್ಮಲ್ಲಿ ಮಜ್ಜಿಗೆಯನ್ನೂ ಇಷ್ಟು ಜಿಪುಣತನದಿಂದ ಯಾರೂ ಹಾಕುವುದಿಲ್ಲ. ಎಲ್ಲರೂ ಅದನ್ನು ಅಲ್ಲಾಡಿಸಿ ಮೂಸತೊಡಗಿದರು. ಮೂಸುವುದಿಲ್ಲ ಎಂದು ನಾನೇನೂ ಮಾತು ಕೊಟ್ಟಿರಲಿಲ್ಲವಲ್ಲ! ಮೂಸಿದೆ. ನರಗುಂದದ ಎರೆಹೊಲಕ್ಕೆ ಮೊದಲ ಮಳೆ ಬಿದ್ದ ವಾಸನೆ. ಎರಡನೆಯ ತೋಟದ್ದು ನಮ್ಮ ಅಂಗಡಿಯ ಹಳೇ ಕಪಾಟಿನ ಹಾಗಿತ್ತು. ಬಾಯಿಗೆ ಹಾಕಿಕೊಂಡು ಉಗುಳಿಬಿಡಿ, ಅದಕ್ಕೆಂದೇ ಬಕೆಟ್ ಇಟ್ಟಿದ್ದಾರೆ ಎಂದು ರೋಣದ ಗೆಳೆಯರೊಬ್ಬರು ದಾರಿ ತೋರಿಸಿದರು. ನಾನು ಗಿರಿಜಾಳ ಮುಖ ನೋಡಿ ಲೋಟ ಕೆಳಗಿಟ್ಟೆ. ಅವಳೋ, ಇನ್ನೊಂಚೂರು ಮೂಗಿನ ಹತ್ತಿರ ಹಿಡಿಯಿರಿ, ಫೋಟೋ ಚಲೋ ಬರುತ್ತದೆ ಎನ್ನುತ್ತ ದಿನವಿಡೀ ನನ್ನ ಫೋಟೋ ತೆಗೆದಳು.

ಸಂಜೆಯದು ಸಣ್ಣ ತೋಟ. ಮನೆಯ ಅಜ್ಜಿಯೇ ಬಂದು ಗಿರಿಜಾಳ ಕೈಗೆ ಲೋಟ ಕೊಟ್ಟು, ಗಲ್ಲ ಸವರಿದಳು.

"ಹಿರ್ಯಾರು ಕೈಯಾರೆ ಕೊಟ್ಟಾರ. ಒಲ್ಲೆ ಅಂದ್ರ ಅವರಿಗೆ ಬ್ಯಾಸರ ಆಗೂದಿಲ್ಲೇನ್ರಿ?" ಎಂದು ನನ್ನನ್ನೇ ಕೇಳಿ, ಉತ್ತರಕ್ಕೆ ಕಾಯದೆ ಗಿರಿಜಾ ಕುಡಿದಳು. ಅಜ್ಜಿ ಮತ್ತೆ ಸುರಿಯಲು ಬಂದಾಗ ನಮ್ಮ ಕಡೆಯ ಪದ್ಧತಿಯಂತೆ ಸಾಕು ಸಾಕು ಎಂದು ಲೋಟಕ್ಕೆ ಅಂಗೈ ಅಡ್ಡ ಹಿಡಿದಳು, ಬೆರಳುಗಳ ನಡುವೆ ಸಂದಿ ಬಿಟ್ಟು. ಅಜ್ಜಿಗೆ ಕನ್ನಡ ಬಾರದಿದ್ದರೂ ಅದು ಅರ್ಥವಾಯಿತು. ಹಾಗಾದರೆ ನನಗೆ ಎಂದು ಮೆಲ್ಲಗೆ ಕೇಳಿದೆ.

"ಮಾತ ಕೊಟ್ಟಾವ್ರು ನೀವು. ನಾ ಎಲ್ಲಿ ಕೊಟ್ಟೀನಿ?"

ಬಸ್ಸಿನಲ್ಲಿ ಅವಳು ಬೀಗರ ಹಾಡು ಹೇಳಿ ಇಡೀ ತಂಡವನ್ನು ನಗಿಸಿದಳು. ನಾನು ಒಣಗಿದ ಗಂಟಲಿಗೆ ನೀರು ಕುಡಿದೆ.

ನಮಗಿಂತ ಮೊದಲೇ ಫೋಟೋಗಳು ಊರು ಮುಟ್ಟಿದ್ದವು. ಸಂಭ್ರಮದಿಂದ ಅವಳೇ ಎಲ್ಲರಿಗೂ ಕಳಿಸಿದ್ದಳು. ಎಲ್ಲದರಲ್ಲೂ ನಾನು, ನನ್ನ ಮೂಗು, ಅದರ ಕೆಳಗೊಂದು ಲೋಟ. ತೆಗೆದವಳು ಒಂದರಲ್ಲೂ ಇಲ್ಲ. ಪಕ್ಕದ ಪಾತ್ರೆ ಅಂಗಡಿಯ ವೀರಪ್ಪನವರು ಮನೆಗೇ ಬಂದು, ಇನ್ನು ಯಾರಿಗೆ ಬುದ್ಧಿ ಹೇಳುತ್ತೀರಿ ಎಂದು ನಕ್ಕರು. ಬರೀ ಮೂಸಿದೆ ಎಂದರೆ ಇನ್ನಷ್ಟು ನಕ್ಕರು. ಅಷ್ಟರಲ್ಲಿ ಗಿರಿಜಾ ಚಹಾ ತಂದಳು. ಅವಳ ಒಂದು ಮಾತಿನಿಂದ ನನ್ನ ಮಾನ ಉಳಿಯುತ್ತಿತ್ತು. ಆಸೆಯಿಂದ ನೋಡಿದೆ.

ಸೆರಗು ಸರಿಮಾಡಿಕೊಂಡು ಅವಳೆಂದಳು: "ಇರ್ಲಿ ಬಿಡ್ರಿ ಅಣ್ಣಾರ. ಪರದೇಶಕ್ಕ ಹೋದಾಗ ಒಂದ ದಿನ. ನಾ ಏನೂ ಅಂದಿಲ್ಲ."

ಎಂಥಾ ತಾಳ್ಮೆಯ ಹೆಣ್ಣುಮಗಳು ಎಂದು ವೀರಪ್ಪನವರು ಕೈಮುಗಿದರು. ನಾನು ಚಹಾದ ಕಪ್ಪೆತ್ತಿ, ಮೂಸಿ, ಕೆಳಗಿಟ್ಟೆ.