ಹಿಮ್ಮಡಿ ಉಜ್ಜುವ ಕೆಂಪು

ಪ್ರತಿ ಸಂಸಾರದಲ್ಲೂ ಗಂಡಸು ಎತ್ತಬಾರದ ಮಾತೊಂದಿರುತ್ತದೆ. ನಮ್ಮ ಮನೆಯಲ್ಲಿ ಅದು 'ಕೆಂಪು'. ಕೆಂಪಿನ, ಅಂದರೆ ಮಾಣಿಕ್ಯದ, ಓಲೆ ಮಾಡಿಸಿಕೊಡುತ್ತೇನೆಂದು ಹೆಂಡತಿ ಗಿರಿಜೆಗೆ ಮದುವೆಯ ಹೊಸದರಲ್ಲಿ ಮಾತು ಕೊಟ್ಟು ಎಂಟು ವರ್ಷವಾಗಿತ್ತು. ಅಲ್ಲಿಂದೀಚೆಗೆ ನಾನು ಒಣಮೆಣಸಿನಕಾಯಿ ಎಂದಿದ್ದೇನೆಯೇ ಹೊರತು ಕೆಂಪು ಮೆಣಸಿನಕಾಯಿ ಎಂದವನಲ್ಲ.

ಇಂಥ ನನಗೆ ಸೊರಬದ ಮಾವನ ಮನೆಯ ಬಚ್ಚಲಲ್ಲಿ ಅದೃಷ್ಟ ಕಾದಿತ್ತು. ಹಿಮ್ಮಡಿ ಉಜ್ಜುವ ಕಲ್ಲಿನ ಮೇಲೆ ನೀರು ಬಿದ್ದದ್ದೇ ತಡ, ಎಲೆಹಸಿರು ಮಿರುಗಿತು. ನಡುನಡುವೆ ದಾಳಿಂಬೆ ಕಾಳಿನಂಥ ಗುಳ್ಳೆಗಳು. ಹಸಿರೆಂದರೆ ಪಚ್ಚೆ, ಪಚ್ಚೆಯೆಂದರೆ ರಾಜರ ಕಿರೀಟ! ಮೈ ಒರೆಸಿಕೊಳ್ಳುವುದನ್ನೂ ಮರೆತು ಕುಣಿದೆ. ಮಾವನವರು "ಬೇಕಾದ್ರೆ ತಗಂಡು ಹೋಗಿ" ಎಂದರು. ಕಲ್ಲನ್ನು ಪಂಚೆಯಲ್ಲಿ ಸುತ್ತಿ ನಮ್ಮೂರು ಶಿಕಾರಿಪುರದ ಬಸ್ಸು ಹತ್ತಿದೆ. ಪಕ್ಕದವರು, "ತೆಂಗಿನಕಾಯೇನ್ರೀ? ಕೂಸು ಹಿಡ್ಕಂಡಂಗೆ ಹಿಡ್ಕಂಡೀರಿ" ಎಂದರು. ಕಾಯಿಯೇ ಎಂದೆ.

ಏಕೀಕರಣವಾಗಿ ಮೈಸೂರು ರಾಜ್ಯ ದೊಡ್ಡದಾದ ಹೊಸತು. ಕಲ್ಲು ಪರೀಕ್ಷಿಸುವ ಸಾಹೇಬರೊಬ್ಬರು ನಮ್ಮೂರಿನ ಬಂಗಲೆಯಲ್ಲಿ ಬಿಡಾರ ಮಾಡಿದ್ದರು. ಅವರು ಚಾಕುವಿನ ಮೊನೆಯಿಂದ ಕೆರೆದರು. ನನ್ನ ಪಚ್ಚೆ ಪುಡಿಪುಡಿಯಾಗಿ ಉದುರಿತು. "ಇದು ಹಸಿರು ಅಭ್ರಕ. ನೆಲದಾಳದಲ್ಲಿ ಬೆಂದು, ಅದುಮಿಸಿಕೊಂಡು ರೂಪ ಬದಲಾಯಿಸಿದ ಕಲ್ಲು" ಎಂದರು. ಆಮೇಲೆ ಒಂದು ಗುಳ್ಳೆಯನ್ನು ಗಾಜಿನ ಚೂರಿಗೆ ಉಜ್ಜಿ, ಗೀರು ಬಿದ್ದದ್ದು ನೋಡಿ, "ಇದು ಮಾತ್ರ ಕೆಂಪು ಕಣ್ರೀ" ಎಂದರು. ನನಗೆ ರೇಗಿತು. ಕೆಂಪಗಿರುವುದು ನನಗೂ ಕಾಣುವುದಿಲ್ಲವೇ? ಮುಂದಿನ ಮಾತು ಕೇಳದೆ ಎದ್ದು ಬಂದೆ.

"ಗುಳ್ಳೆ ನೋಡಿ ಕೆಂಪು ಅಂತಾರೆ! ಬಣ್ಣ ಹೇಳೋಕೆ ಒಬ್ಬ ಸಾಹೇಬರು ಬೇಕಾ?" ಎಂದು ಮನೆಯಲ್ಲಿ ಕೂಗಾಡಿದೆ. ರೊಟ್ಟಿ ತಟ್ಟುತ್ತಿದ್ದ ಗಿರಿಜೆಯ ಕೈ ನಿಂತಿತು. "ರೀ, ಅವರು ಹೇಳಿದ್ದು ಬಣ್ಣದ ಕೆಂಪೋ, ಓಲೆ ಕೆಂಪೋ?"

ಎಂಟು ವರ್ಷ ಬಾಯಿಂದ ದೂರವಿಟ್ಟ ಮಾತು ಕಿವಿಗೂ ದೂರವಾಗಿತ್ತು. ಚಪ್ಪಲಿ ಮೆಟ್ಟದೆ ಬಂಗಲೆಗೆ ಓಡಿದೆ. ಮಾತು ಉಳಿಸಿಕೊಂಡ ಗಂಡನಾಗಲು ಇನ್ನು ನಾಲ್ಕೇ ಹೆಜ್ಜೆ ಎಂದು ಎದೆ ಹಿಗ್ಗಿತ್ತು.

ಸಾಹೇಬರು ನಕ್ಕರು. "ನಿಜವಾದ ಕೆಂಪು ಹರಳೇ. ಆದ್ರೆ ಬೆಳಕು ಹಾಯಲ್ಲ, ಬರೀ ಬಿರುಕು. ಓಲೆಗೆ ಬರಲ್ಲ. ಇಡೀ ಕಲ್ಲಿಗೆ ಹೊಳಪು ಕೊಡಿಸಿ ಮೇಜಿನ ಮೇಲಿಟ್ಕೊಳ್ಳಿ, ಚೆಂದ ಕಾಣುತ್ತೆ."

ನಮ್ಮ ಮನೆಯಲ್ಲಿ ಮೇಜಿಲ್ಲ. ಕಲ್ಲು ಮತ್ತೆ ಬಚ್ಚಲು ಸೇರಿತು, ಈ ಸಲ ನಮ್ಮ ಮನೆಯದು. ಈಗ ನೆರೆಮನೆಯವರು ಬಂದಾಗಲೆಲ್ಲ ಗಿರಿಜೆ ಸಾವಧಾನವಾಗಿ ಹೇಳುತ್ತಾಳೆ: "ನಮ್ಮನೆಯವರು ಕೆಂಪು ತಂದುಕೊಟ್ಟಿದಾರೆ ಕಣ್ರೀ. ಕಿವಿಗೆ ಭಾರ ಅಂತ ಹಿಮ್ಮಡಿಗೆ ಇಟ್ಕೊಂಡಿದೀನಿ. ಅದೂ ನನ್ನ ತವರುಮನೇದೇ."

ಆಗ ನನ್ನ ಮುಖಕ್ಕೇರುವುದು ಬಣ್ಣದ ಕೆಂಪು. ಅದನ್ನು ಗುರುತಿಸಲು ಯಾವ ಸಾಹೇಬರೂ ಬೇಕಾಗಿಲ್ಲ.