ಹೊಸ ಹಾಡು ಹಳತಾಗಲು ಎಷ್ಟು ದಿನ ಬೇಕು

ಹಾಡಿನ ವಿಷಯದಲ್ಲಿ ನಾನು ಹಟಮಾರಿ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಕಾಲೇಜು ಬಿಟ್ಟ ವರ್ಷವೇ ಜಗತ್ತು ಒಳ್ಳೆಯ ಹಾಡು ಕಟ್ಟುವುದನ್ನು ನಿಲ್ಲಿಸಿತು ಎಂದು ಗಟ್ಟಿಯಾಗಿ ನಂಬಿದ್ದವನು ನಾನು. ಕೆಲಸವೂ ಈ ನಂಬಿಕೆಗೆ ನೀರೆರೆಯುವಂಥದ್ದೇ. ಸೊರಬದ ಕಚೇರಿಯೊಂದರಲ್ಲಿ ಹಳೆಯ ಪಹಣಿ, ನಕಾಶೆಗಳ ದಾಖಲೆ ಕೋಣೆ ನೋಡಿಕೊಳ್ಳುತ್ತೇನೆ. ಅಜ್ಜನ ಕಾಲದಲ್ಲಿ ಕೈಯಲ್ಲಿ ಬರೆದ ಮಸಿ ಇನ್ನೂ ಕಪ್ಪಗಿದೆ. ಮೂರು ವರ್ಷದ ಹಿಂದೆ ಪ್ರಿಂಟ್ ತೆಗೆದದ್ದನ್ನು ಓದಲು ಕಿಟಕಿಯ ಹತ್ತಿರ ಹೋಗಬೇಕು. ಹಾಡಿನ ಹಣೆಬರಹವೂ ಇಷ್ಟೇ ಎಂದು ನಾನು ಷರಾ ಬರೆದುಬಿಟ್ಟಿದ್ದೆ.

ಆ ಷರಾಕ್ಕೆ ತಕರಾರು ಹಾಕಿದವಳು ಸುಮಾ. ನಮ್ಮ ಕಚೇರಿಗೇ ಸರ್ವೆ ಕೆಲಸಕ್ಕೆ ಹೊಸದಾಗಿ ಬಂದ ಹುಡುಗಿ. ನನ್ನ ಹಾಗೆ ಅವಳ ಮನೆಯೂ ಶಿಕಾರಿಪುರದಲ್ಲಿ. "ಬಸ್ಸಿಗ್ಯಾಕೆ ಕಾಯ್ತೀರಿ ಸರ್, ನನ್ ಕಾರಲ್ಲೇ ಬನ್ರಿ" ಅಂದಳು. ಹೋದೆ. ಮೊದಲ ದಿನವೇ ಶಿರಾಳಕೊಪ್ಪ ಬರುವಷ್ಟರಲ್ಲಿ ಒಂದೇ ಹಾಡು ಮೂರು ಸಲ ಮುಗಿದಿತ್ತು. ಆಗಷ್ಟೇ ಬಂದ ಸಿನಿಮಾದ್ದಂತೆ. ನನಗೆ ಕೇಳಿಸಿದ್ದು ತಗಡಿನ ಮಾಡಿನ ಮೇಲೆ ತೆಂಗಿನಕಾಯಿ ಉರುಳಿಸಿದ ಸದ್ದು.

"ಇದು ಆರು ತಿಂಗಳೂ ಬಾಳಲ್ಲಮ್ಮ" ಅಂದೆ.

"ನಿಮ್ ಹಾಡು ಬಾಳಿದೆ ಅಂತ ಹೆಂಗೆ ಗೊತ್ತು ಸರ್? ನೀವು ದಿನಾ ಕೇಳ್ತೀರಾ?"

ಇದು ಒಳ್ಳೆಯ ಪ್ರಶ್ನೆ. ನಿಜ ಹೇಳಬೇಕೆಂದರೆ ನಾನು ಹಳೆಯ ಹಾಡುಗಳನ್ನು ಹೊಗಳುತ್ತಿದ್ದೆನೇ ಹೊರತು ಕೇಳಿ ವರ್ಷಗಳೇ ಆಗಿದ್ದವು. ನನಗೂ ಕುತೂಹಲ ಹುಟ್ಟಿತು. ಒಂದು ತಿಂಗಳು ಹೋಗುವಾಗ ಅವಳ ಹಾಡು, ಬರುವಾಗ ನನ್ನ ಹಾಡು. ಯಾವುದು ಮೊದಲು ಸಪ್ಪೆಯಾಗುತ್ತದೋ ನೋಡೋಣ ಎಂದು ಒಪ್ಪಂದವಾಯಿತು. ನಾನು ಆರಿಸಿದ್ದು ಇಪ್ಪತ್ತೆಂಟು ವರ್ಷದ ಹಿಂದೆ ನನ್ನ ಮದುವೆಯ ಬೀಗರೂಟದಲ್ಲಿ, ಊಟ ಮಾಡುತ್ತಿದ್ದವರ ಕೈ ತಡೆದು, ನಾನೇ ಎದ್ದು ನಿಂತು ಹಾಡಿದ್ದ ಹಾಡು.

ಮೊದಲ ವಾರ ನನ್ನದೇ ಮೇಲುಗೈ. ಎರಡನೇ ವಾರದಲ್ಲಿ ಒಂದು ಸಂಜೆ ನಾನು ದನಿಗೂಡಿಸಿ ಹಾಡುತ್ತಿದ್ದಾಗ ಸುಮಾ ಕಾರನ್ನು ನಿಧಾನ ಮಾಡಿದಳು.

"ಸರ್, ನೀವು 'ಮುಡಿದ ಹೂವು' ಅಂತಿದೀರಿ. ಅವರು 'ಮಡಿದ ಹೂವು' ಅಂತಿದಾರೆ."

ಮತ್ತೆ ಹಾಕಿ ಕೇಳಿದೆವು. ಹೂವು ಮಡಿದೇ ಇತ್ತು. ಒಂದು ಕೊಂಬು ಬಿದ್ದುಹೋದದ್ದೇ ತಡ, ನಾನು ಸರಸದ ಹಾಡೆಂದುಕೊಂಡದ್ದು ಪೂರ್ತಿ ಶೋಕಗೀತೆಯಾಯಿತು. ಹಳೆಯ ಹಾಡಿನಲ್ಲಿ ಒಂದೊಂದು ಪದವೂ ಸ್ಪಷ್ಟ ಎಂದು ಅದೇ ಬೆಳಿಗ್ಗೆ ಅವಳಿಗೆ ಉಪದೇಶ ಮಾಡಿದ್ದೆ.

ಮನೆಗೆ ಬಂದು ಹೆಂಡತಿ ಗಿರಿಜಳಿಗೆ ಮೆಲ್ಲಗೆ ವಿಷಯ ತಿಳಿಸಿದೆ. ಅವಳು ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. "ನಂಗೆ ಅವತ್ತೇ ಗೊತ್ತಿತ್ತು ಕಣ್ರಿ" ಅಂದಳು. "ಧಾರೆ ಆಗಿಹೋಗಿತ್ತಲ್ಲ, ಇನ್ನೇನ್ ಹೇಳೋದು ಅಂತ ಸುಮ್ನಿದ್ದೆ."

ಆ ಅವಮಾನದ ಸಿಟ್ಟನ್ನು ಮಾರನೆಯ ಬೆಳಿಗ್ಗೆ ಸುಮಾಳ ಹಾಡಿನ ಮೇಲೆ ತೀರಿಸಿಕೊಂಡೆ. ಇದನ್ನು ಕೇಳುವವರಿಗೆ ಎರಡು ಕಿವಿ ಇವೆಯೇ ಹೊರತು ಅವುಗಳ ನಡುವೆ ಏನೂ ಇಲ್ಲ ಅಂದುಬಿಟ್ಟೆ. ಅವಳು ನಗಲಿಲ್ಲ. "ಸರ್, ನೀವು ಇದನ್ನ ಒಂದ್ಸಲಾನೂ ಮಾತಾಡದೆ ಕೇಳಿಲ್ಲ" ಅಂದಳು. ದನಿಯಲ್ಲಿ ಬೇಜಾರಿತ್ತು. ನನಗೆ ನಾಚಿಕೆಯಾಯಿತು. ಬಾಯಿ ಮುಚ್ಚಿ ಕೂತೆ. ನನ್ನ ಗಲಾಟೆ ನಿಂತ ಮೇಲೆ ಹಾಡಿನ ಗಲಾಟೆಯ ಅಡಿಯಲ್ಲಿ ಡೊಳ್ಳೊಂದು ಬಡಿಯುತ್ತಿರುವುದು ಕೇಳಿಸಿತು. ನನ್ನ ತಾಯಿಯ ತವರು ಕುಪ್ಪಗಡ್ಡೆಯಲ್ಲಿ ಕೇಳುತ್ತಿದ್ದಂಥ, ತಡೆದು ತಡೆದು ಬೀಳುವ ಪೆಟ್ಟು. ಅದರ ಮೇಲೆ ಹುಡುಗಿಯೊಬ್ಬಳು ಯಾರನ್ನೋ ಊಟಕ್ಕೆ ಕರೆಯುವಷ್ಟು ಸಹಜವಾಗಿ ಹಾಡುತ್ತಿದ್ದಳು. "ಇನ್ನೊಂದ್ಸಲ ಹಾಕಮ್ಮ" ಅಂದೆ. ಸುಮಾ ಹಂಗಿಸದೆ ಹಾಕಿದಳು. ಅಷ್ಟು ದೊಡ್ಡ ಮನಸ್ಸು ನನಗಿರುತ್ತಿರಲಿಲ್ಲ.

ತಿಂಗಳು ಮುಗಿದಾಗ ಇಬ್ಬರೂ ಸೋತಿದ್ದೆವು. ನನ್ನ ಹಾಡನ್ನು ಅವಳು ಕಚೇರಿಯಲ್ಲಿ ಗುನುಗುತ್ತಿದ್ದಳು, ಅವಳದನ್ನು ನಾನು ಸ್ನಾನದ ಮನೆಯಲ್ಲಿ. ಅಷ್ಟರಲ್ಲಿ ಅವಳಿಗೆ ದಾವಣಗೆರೆ ಕಡೆಗೆ ವರ್ಗವಾಯಿತು. ನಾನು ಮತ್ತೆ ಬಸ್ಸು ಹಿಡಿದೆ.

ಮೊನ್ನೆ ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ಬೇಕರಿಯೊಂದರಿಂದ ಆ ಡೊಳ್ಳು ಕೇಳಿಸಿತು. ಇಳಿದು ಹೋಗಿ ಟೀ ಹೇಳಿ ನಿಂತೆ. ಟೀ ಆರಿತು, ಬಸ್ಸು ಹೋಯಿತು. ತಿಂಗಳಿಡೀ ಕೇಳಿದ್ದರೂ ಹಾಡಿನ ಹೆಸರು ನನಗೆ ಗೊತ್ತಿರಲಿಲ್ಲ. ಅಲ್ಲಿಂದಲೇ ಸುಮಾಳಿಗೆ ಫೋನ್ ಮಾಡಿದೆ.

"ಯಾವ್ದು ಸರ್, ಅದಾ?" ಅವಳು ಸ್ವಲ್ಪ ಯೋಚಿಸಿ ಹೆಸರು ಹೇಳಿದಳು. "ಅದು ಹಳೇದಾಯ್ತಲ್ಲ ಸರ್. ಈಗ ಯಾರು ಕೇಳ್ತಾರೆ ಅದನ್ನ?"

"ಹಳೇದು ಎಲ್ಲಾಯ್ತಮ್ಮ" ಅಂದೆ. "ಇನ್ನೂ ಎಂಟು ತಿಂಗಳಾಗಿಲ್ಲ." ಬೇಕರಿಯವರು ತಿರುಗಿ ನೋಡುವಷ್ಟು ಜೋರಾಗಿ, ಹೊಸ ಹಾಡಿನ ಪರವಾಗಿ ವಾದ ಮಾಡುತ್ತಾ ನಿಂತಿದ್ದವನು ನಾನೇ.