ಗುಬ್ಬಿಯಲ್ಲಿ ನಾನು ಒರೆಸಿದ ಗಾಜು

ಒಂದು ವಿಷಯ ಮೊದಲೇ ಸ್ಪಷ್ಟವಾಗಲಿ. ನಾನು ಮಾಡಿದ್ದು ಸಹಾಯ!

ಎಪ್ಪತ್ತರ ದಶಕದ ಕೊನೆಯಲ್ಲಿ ತುಮಕೂರಿನಲ್ಲಿ ಚಿತ್ರಕಲೆ ಓದುತ್ತಿದ್ದೆ. ಪ್ರತಿಯೊಬ್ಬರೂ ಒಬ್ಬ ಕಸುಬುದಾರ ಕಲಾವಿದರ ಕೆಲಸ ನೋಡಿ, ನಮ್ಮ ಬಗ್ಗೆ ಅವರ ಅಭಿಪ್ರಾಯ, ರುಜು ಎರಡನ್ನೂ ಒಂದು ಹಾಳೆಯಲ್ಲಿ ತರಬೇಕೆಂದು ಮೇಷ್ಟ್ರು ಆಜ್ಞಾಪಿಸಿದರು. ರುಜು ಇಲ್ಲದವರಿಗೆ ಹಾಲ್ ಟಿಕೆಟ್ ಇಲ್ಲ. ನಾನು ಗುಬ್ಬಿಯ ಬೋರ್ಡ್ ಪೇಂಟರ್ ಇಬ್ರಾಹಿಂ ಸಾಬರನ್ನು ಆರಿಸಿಕೊಂಡೆ. ಯುರೋಪಿನ ಕಲೆಯ ಇತಿಹಾಸವನ್ನೇ ಬಾಯಿಪಾಠ ಮಾಡಿದವನಿಗೆ ಬೋರ್ಡ್ ಬರೆಯುವವರು ಹೊಸದೇನು ತೋರಿಸಿಯಾರು ಎಂಬ ಧೈರ್ಯ.

ಸಾಬರು ಸ್ಟೂಲ್ ಮೇಲೆ ಕೂರಿಸಿ ಟೀ ತರಿಸಿಕೊಟ್ಟರು.

"ಕೊಬ್ಬರಿ ಮಂಡಿ ಸಿದ್ದಪ್ಪನೋರು ತೀರ್ಕೊಂಡ್ರಲ್ಲ, ಅವ್ರ ಪಟ ಬರೀತಿದೀನಿ. ನಾಡಿದ್ದು ವರ್ಷದ ಪೂಜೆ. ನಮಾಜ್ ಮುಗಿಸ್ಕೊಂಡ್ ಬಂದು ತೋರಿಸ್ತೀನಿ, ಅಂಗಡಿ ನೋಡ್ಕೊಂಡಿರಪ್ಪ" ಎಂದು ಹೊರಟರು.

ನಾನು ಪಟಕ್ಕಾಗಿ ಹುಡುಕಿದೆ. ಎಲ್ಲೂ ಇಲ್ಲ. ಮೇಜಿನ ಮೇಲೆ ಒಂದು ಗಾಜು ಮಾತ್ರ ಇತ್ತು. ಅದರ ತುಂಬ ಕೊಳೆ! ಮೇಲೆ ಮೂರು ಬಿಳಿ ಗೀರು, ಕೆಳಗೆ ಎರಡು ಬಿಳಿ ಚುಕ್ಕೆ, ಅದರ ಕೆಳಗೆ ಒಂದಿಷ್ಟು ಕಪ್ಪು ಎಳೆ, ಪಕ್ಕದಲ್ಲೊಂದು ಕರಿ ಬೊಟ್ಟು. ಪಾಪ, ವಯಸ್ಸಾದವರು, ಅಂಗಡಿ ಚೊಕ್ಕಟ ಮಾಡಲು ಯಾರೂ ಇಲ್ಲ ಎಂದು ಕರುಳು ಚುರುಕ್ ಎಂದಿತು. ಸೀಮೆಎಣ್ಣೆ ಡಬ್ಬವೂ ಹಳೆಯ ಬನಿಯನ್ನೂ ಅಲ್ಲೇ ಇದ್ದವು. ಹಟ ಮಾಡಿದ ಕಪ್ಪು ಎಳೆಗಳನ್ನು ಉಗುರಿನಿಂದ ಕೆರೆದು ತೆಗೆದೆ.

ಸಾಬರು ಬಂದರು. ಬಾಗಿಲಲ್ಲೇ ನಿಂತರು.

"ಇದ್ರ ಮೇಲಿದ್ದಿದ್ದು?"

"ಕೊಳೆ ಇತ್ತು ಸಾಬ್ರೇ. ಒಂದ್ ಚುಕ್ಕೆ ಬಿಡ್ದಂಗೆ ತೆಗ್ದಿದೀನಿ!"

ಅವರು ನಿಧಾನವಾಗಿ ನೆಲದ ಮೇಲೆ ಕೂತರು.

"ಕೊಳೆ ಅಲ್ಲ ಕಣಪ್ಪಾ, ಸಿದ್ದಪ್ಪನೋರು."

ಸಾಬರು ಬಿಡಿಸಿ ಹೇಳಿದ ಮೇಲೆ ತಿಳಿಯಿತು. ಗಾಜಿನ ಪಟವನ್ನು ಬರೆಯುವುದು ಹಿಂಬದಿಗೆ, ನೋಡುವುದು ಮುಂಬದಿಯಿಂದ. ಹಾಗಾಗಿ ಎಲ್ಲಕ್ಕಿಂತ ಮೇಲೆ ಕಾಣಬೇಕಾದದ್ದನ್ನು ಎಲ್ಲಕ್ಕಿಂತ ಮೊದಲು ಬರೆಯಬೇಕು. ಹಣೆಯ ವಿಭೂತಿ, ಕಣ್ಣಿನ ಹೊಳಪು, ಮೀಸೆಯ ಎಳೆ, ಕೆನ್ನೆಯ ಮಚ್ಚೆ. ಮುಖದ ಬಣ್ಣ ಕೊನೆಗೆ. ಒಬ್ಬ ಶಿವಭಕ್ತರ ಹಣೆಯ ವಿಭೂತಿಯನ್ನು ನಾನು ಸೀಮೆಎಣ್ಣೆಯಲ್ಲಿ ಒರೆಸಿದ್ದೆ. ಮೀಸೆಯನ್ನು ಉಗುರಿನಲ್ಲಿ ಕಿತ್ತಿದ್ದೆ!

ಅದೇ ಹೊತ್ತಿಗೆ ಸಿದ್ದಪ್ಪನವರ ಮಗ ಒಳಗೆ ಬಂದರು.

"ಅಪ್ಪಾಜಿ ಎಲ್ಲೀಗಂಟ ಬಂದ್ರು ಸಾಬ್ರೇ?"

ಸಾಬರು ನನ್ನ ಮುಖ ನೋಡಿದರು. ನಾನು ಬನಿಯನ್ನನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡೆ.

"ನಾಡಿದ್ದು ಬೆಳಿಗ್ಗೆ ಬರ್ತಾರೆ. ನೀವು ಪೂಜೆ ಕೆಲ್ಸ ನೋಡ್ಕೊಳಿ."

ಸಾಬರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲವಲ್ಲ, ಅಳು ಬಂತು. ಎರಡು ದಿನವೂ ಮೊದಲ ಬಸ್ಸಿಗೇ ಹೋಗಿ, ಮನೆಯವರು ಕೊಟ್ಟಿದ್ದ ಸಿದ್ದಪ್ಪನವರ ಫೋಟೋವನ್ನು ಸಾಬರ ಕಣ್ಣೆದುರು ಅಲುಗಾಡದಂತೆ ಹಿಡಿದು ಕೂತೆ. ದಿಟ್ಟಿಸಿ ದಿಟ್ಟಿಸಿ ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಸಾಬರು ಮೀಸೆಯನ್ನು ಒಂದೊಂದೇ ಎಳೆಯಾಗಿ ಮತ್ತೆ ಬರೆದರು. ಪೂಜೆಯ ದಿನ ಬೆಳಿಗ್ಗೆ ಗಾಜನ್ನು ತಿರುಗಿಸಿದಾಗ ಸಿದ್ದಪ್ಪನವರು ಜೀವಂತ ಕೂತಿದ್ದರು. ನನ್ನನ್ನೇ ನೋಡುತ್ತಿದ್ದರು ಎಂಬುದು ನನ್ನ ಅನುಮಾನ.

ನಾಚಿಕೆ ಬಿಟ್ಟು ಹಾಳೆ ಮುಂದೆ ಹಿಡಿದೆ. ಸಾಬರು ದುಂಡಗೆ ಎರಡು ಸಾಲು ಬರೆದು ರುಜು ಹಾಕಿದರು. ಓದುವ ಧೈರ್ಯ ನನಗೆ ಬರಲಿಲ್ಲ. ಮಾರನೆಯ ದಿನ ಮೇಷ್ಟ್ರು ಇಡೀ ತರಗತಿಗೆ ಓದಿ ಹೇಳಿದರು:

"ಹುಡುಗ ಶ್ರದ್ಧಾವಂತ. ಗಾಜು ಬಹಳ ಚೆನ್ನಾಗಿ ಒರೆಸುತ್ತಾನೆ."

ಹಾಲ್ ಟಿಕೆಟ್ ಸಿಕ್ಕಿತು. ನನ್ನ ಕಲೆಯ ಬಗ್ಗೆ ಈವರೆಗೆ ಲಿಖಿತವಾಗಿ ಬಂದಿರುವ ವಿಮರ್ಶೆ ಅದೊಂದೇ.